ಪಕ್ಕಕ್ಕೆ ಸರಿದದ್ದು

ಜಯಶೀಲಾ ಮುಂಬಯಿಯಿಂದ ಬಂದ ದಿನವೇ ಸರಸ್ವತಿಗೆ ಅನುಮಾನ ಶುರುವಾಯಿತು. ೧೯೬೮ರ ಯುಗಾದಿ ಹತ್ತಿರ ಬಂದಿತ್ತು. ಮುಂಚಿತವಾಗಿ ಒಂದು ಕಾಗದವಿಲ್ಲ, ತಂತಿಯಿಲ್ಲ. ಬೆಳಿಗ್ಗೆ ಜಯನಗರದ ಮನೆಯ ಗೇಟಿನ ಮುಂದೆ ಜಟಕಾ ನಿಂತಿತು, ತಂಗಿ ಇಳಿದಳು. ಟ್ರಂಕನ್ನು ಜಟಕಾದವನೇ ಹೊತ್ತು ತಂದು ನಡುಮನೆಯಲ್ಲಿಟ್ಟ. ಕೈಚೀಲವನ್ನೂ ಅವನ ಕೈಯಲ್ಲೇ ತರಿಸಿದಳು. ಕೂಲಿಗಳ ಹತ್ತಿರ ಚೌಕಾಸಿ ಮಾಡಿ ಕೊನೆಗೆ ತಾನೇ ಟ್ರಂಕು ಎತ್ತಿಕೊಳ್ಳುತ್ತಿದ್ದ ಹುಡುಗಿ ಇವಳು.

"ರಜ ಹಾಕಿ ಬಂದಿದೀನಿ ಅಕ್ಕ. ತುಂಬಾ ಸುಸ್ತು," ಎಂದಳು.

ಎಷ್ಟು ದಿನದ ರಜ ಎಂದು ಸರಸ್ವತಿ ಕೇಳಿದಾಗ ನೋಡೋಣ ಎಂದಳೇ ಹೊರತು ದಿನ ಹೇಳಲಿಲ್ಲ.

ಸರಸ್ವತಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಗಂಡ ಜಯನಗರದಲ್ಲಿ ಸೈಟು ಕೊಂಡು ಮನೆ ಎಬ್ಬಿಸಿ, ಗೃಹಪ್ರವೇಶವಾದ ವರ್ಷವೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ತನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ಜಯಶೀಲಳನ್ನು ಒಂದು ರೀತಿಯಲ್ಲಿ ಸಾಕಿದ್ದೇ ಅವಳು. ವಧುಪರೀಕ್ಷೆಗಳು ಒಂದರ ಮೇಲೊಂದು ಮುರಿದುಬಿದ್ದ ಮೇಲೆ ಜಯಶೀಲಾ ಶಾರ್ಟ್‌ಹ್ಯಾಂಡ್ ಕಲಿತು ಮುಂಬಯಿಯ ಒಂದು ಮಿಲ್ಲಿನ ಆಫೀಸಿಗೆ ಸ್ಟೆನೋಗ್ರಾಫರಾಗಿ ಹೋದಳು. ಮಾಟುಂಗದ ಹೆಂಗಸರ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ದೀಪಾವಳಿಗೆ ಬರುವವಳು ಕಳೆದ ಎರಡು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದಳು.

ಈಗ ಬಂದಿದ್ದಾಳೆ, ಆದರೆ ಬೇರೆಯದೇ ಮೈಯಲ್ಲಿ. ಮುಂಚೆ ತೀರ ಸಪೂರ. ಅಮ್ಮನ ಹಳೆಯ ಕುಪ್ಪಸ ತೊಟ್ಟರೆ ಎರಡೂ ಕಡೆ ಮಡಿಕೆ ಹಿಡಿದು ಪಿನ್ನು ಚುಚ್ಚಬೇಕಾಗುತ್ತಿತ್ತು. ಈಗ ಎದೆ ತುಂಬಿಕೊಂಡಿತ್ತು. ಮುಂಬಯಿಯ ಊಟ ಮೈಗೆ ಹಿಡಿದಿರಬೇಕು ಎಂದು ಸರಸ್ವತಿ ಮೊದಲು ಅಂದುಕೊಂಡಳು. ಆದರೆ ಕೈ, ಕತ್ತು, ಕೆನ್ನೆ ಎಲ್ಲ ಮುಂಚಿನ ಹಾಗೇ ಬಡಕಲಾಗಿದ್ದವು. ಎದೆ ಮಾತ್ರ ತುಂಬುವುದು ಯಾವಾಗ ಎಂದು ಅವಳಿಗೆ ಗೊತ್ತಿತ್ತು. ಮಕ್ಕಳಿಲ್ಲದಿದ್ದರೂ ಅಷ್ಟು ತಿಳಿಯದವಳಲ್ಲ.

ಅಲ್ಲಿಂದ ಅವಳು ನೋಡುತ್ತ ಹೋದಳು. ಯುಗಾದಿಯ ದಿನ ಎಣ್ಣೆ ಬಿಸಿ ಮಾಡಿ ಮಣೆ ಹಾಕಿ ಕರೆದರೆ ಜಯಶೀಲಾ ತಲೆಗೆ ಮಾತ್ರ ಒತ್ತಿಸಿಕೊಂಡಳು, ಬೆನ್ನಿಗೆ ಕೈ ಹಾಕಲು ಬಿಡಲಿಲ್ಲ. ಮಿಕ್ಕಿದ್ದು ನಾನೇ ಹಚ್ಕೋತೀನಿ ಎಂದು ಬಚ್ಚಲಮನೆಯ ಅಗಳಿ ಹಾಕಿಕೊಂಡಳು. ಬಟ್ಟೆ ಒಣಹಾಕುವಾಗ ಎಡಗೈಯನ್ನು ಭುಜದಿಂದ ಮೇಲೆ ಎತ್ತುತ್ತಿರಲಿಲ್ಲ. ಮಲಗುವುದು ಯಾವಾಗಲೂ ಬಲಮಗ್ಗುಲಿಗೆ, ಅದೂ ಎಡಗಂಕುಳಿಗೆ ಕೈ ಒತ್ತಿ ಹಿಡಿದುಕೊಂಡು. ಒಂದು ದಿನ ಅವಳ ಕೋಣೆಯಲ್ಲಿ ಕುರ್ಚಿಯ ಬೆನ್ನಿನ ಮೇಲೆ ಉದ್ದನೆಯ ಮಲ್ಲು ಬಟ್ಟೆಯ ಪಟ್ಟಿಯೊಂದು ಒಣಗುತ್ತಿದ್ದದ್ದು ಕಾಣಿಸಿತು. ಮೈಗೆ ಬಿಗಿಯಾಗಿ ಸುತ್ತಿ ಸುತ್ತಿ ಅದು ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಬಟ್ಟೆ ಸುತ್ತಿ ಹೊಟ್ಟೆ ಮರೆಸುವ ಹೆಂಗಸರ ಕಥೆಯನ್ನು ಸರಸ್ವತಿ ಸ್ಟಾಫ್ ರೂಮಿನಲ್ಲಿ ಕೇಳಿದ್ದಳು.

ಖಚಿತ ಮಾಡಿಕೊಳ್ಳಲು ಇನ್ನೊಂದು ದಾರಿಯಿತ್ತು. ಆದರೆ ಮುಟ್ಟಾದರೆ ಹೊರಗೆ ಕೂರುವ ಪದ್ಧತಿಯನ್ನು ಜಯಶೀಲಾ ಮುಂಬಯಿಗೆ ಹೋದ ಹೊಸದರಲ್ಲೇ ಬಿಟ್ಟಿದ್ದಳು, ಈ ಮನೆಗೆ ಬಂದಾಗಲೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹಿಂದೆ ಅದಕ್ಕಾಗಿ ಇಬ್ಬರಿಗೂ ಜಗಳವಾಗಿತ್ತು. ಈಗ ಆ ವಿಷಯ ಎತ್ತಿದರೆ ಯಾಕೆ ಕೇಳುತ್ತಿದ್ದಾಳೆಂದು ತಂಗಿಗೆ ತಿಳಿದುಬಿಡುತ್ತದೆ. ಸರಸ್ವತಿ ಎತ್ತಲಿಲ್ಲ.

ಪರೀಕ್ಷೆಗಳ ಕಾಲ. ಒಂದು ಮಧ್ಯಾಹ್ನ ಸರಸ್ವತಿಗೆ ಮೇಲ್ವಿಚಾರಣೆಯ ಕೆಲಸ ಬೇಗ ಮುಗಿಯಿತು. ಅಶೋಕ ಸ್ತಂಭದ ಹತ್ತಿರ ಬಸ್ಸಿಳಿದು ನಡೆದು ಬರುತ್ತಿದ್ದಾಗ ಎದುರು ಸಾಲಿನಲ್ಲಿ ತಂಗಿಯ ಹಸಿರು ಸೀರೆ ಕಾಣಿಸಿತು. ಅವಳು ಒಂದು ನರ್ಸಿಂಗ್ ಹೋಮಿನ ಗೇಟು ತೆರೆದು ಒಳಗೆ ಹೋದಳು. ಹೊರಗಿನ ಬೋರ್ಡಿನಲ್ಲಿ ಡಾಕ್ಟರ್ ಜಯಸಿಂಹ ಮತ್ತು ಅವರ ಹೆಂಡತಿಯ ಹೆಸರು, ಕೆಳಗೆ 'ಹೆರಿಗೆ ಮತ್ತು ಶಸ್ತ್ರಚಿಕಿತ್ಸೆ' ಎಂದಿತ್ತು. ಸರಸ್ವತಿಯ ಕಣ್ಣು ಮೊದಲನೆಯ ಪದದ ಮೇಲೆ ನಿಂತಿತು. ಅರ್ಧ ಕಟ್ಟಿದ ಮನೆಯೊಂದರ ಮುಂದೆ ಸೈಜುಗಲ್ಲುಗಳ ರಾಶಿಯ ಪಕ್ಕದಲ್ಲಿ, ಹೊಂಗೆಯ ನೆರಳಿನಲ್ಲಿ, ಮೇಸ್ತ್ರಿ ತಿರುಗಿ ತಿರುಗಿ ನೋಡುತ್ತಿದ್ದರೂ ಅವಳು ಕದಲದೆ ಕಾದಳು. ಬಹಳ ಹೊತ್ತಾದ ಮೇಲೆ ತಂಗಿ ತಲೆ ತಗ್ಗಿಸಿಕೊಂಡು ಹೊರಬಂದು ಮನೆಯ ಕಡೆಗೆ ನಡೆದಳು.

ಸಂಜೆ, ಎಲ್ಲಿಗೆ ಹೋಗಿದ್ದೆ ಎಂದು ಸರಸ್ವತಿ ಕೇಳಿದಳು. ಹೂವು ತರೋಣ ಅಂತ ಗಾಂಧಿಬಜಾರಿಗೆ ಹೋಗಿದ್ದೆ, ಸಿಗಲಿಲ್ಲ ಎಂದಳು ಜಯಶೀಲಾ. ಗಾಂಧಿಬಜಾರಿನಲ್ಲಿ ಹೂವು ಸಿಗದ ದಿನವನ್ನು ಸರಸ್ವತಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮಾರನೆಯ ದಿನ ಅವಳು ಹನುಮಂತನಗರಕ್ಕೆ ಹೋದಳು. ಅಲ್ಲಿ ಗುಡ್ಡದ ದೇವಸ್ಥಾನದ ಕೆಳಗಿನ ಬೀದಿಯಲ್ಲಿ ಅಣ್ಣ ಚಕ್ರಪಾಣಿಯ ಮನೆ. ಬ್ಯಾಂಕಿನಲ್ಲಿ ಹೆಡ್ ಕ್ಲರ್ಕ್, ಮಾತು ಕಡಿಮೆ. ಅವನ ಮಗಳು ಚೂಡಾಮಣಿಗೆ ಮೈಸೂರಿನ ಕಡೆಯ ಗಂಡು ಹೆಚ್ಚು ಕಡಿಮೆ ಗೊತ್ತಾಗಿತ್ತು. ಅತ್ತಿಗೆ ವಿಮಲಾ ಆ ಸಂಭ್ರಮದಲ್ಲಿ ಕಾಫಿ ಕೊಟ್ಟಳು. ಸರಸ್ವತಿ ಲೋಟ ಹಿಡಿದು ಕೂತವಳು ಎರಡು ಸಲ ಮಾತು ಎತ್ತಿ ಬಿಟ್ಟಳು. ಮನೆಗೆ ಹೊರಡುತ್ತೇನೆಂದು ಎದ್ದು ನಿಂತ ಮೇಲೆ ಹೇಳಿದಳು.

"ಅಣ್ಣ, ಜಯಶೀಲಾ ಬಸುರಿ ಅನ್ಸುತ್ತೆ."

ಚಕ್ರಪಾಣಿ ನಿನಗೆ ಹೇಗೆ ಗೊತ್ತು ಎಂದ. ಅವಳು ಕಂಡದ್ದನ್ನೆಲ್ಲ ಹೇಳಿದಳು. ಎದೆ, ಪಟ್ಟಿ, ಅಗಳಿ, ನರ್ಸಿಂಗ್ ಹೋಮು, ಸಿಗದ ಹೂವು. ಕ್ಲಾಸಿನಲ್ಲಿ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಒಂದೊಂದಾಗಿ ಹೇಳುತ್ತ ಹೋದಂತೆ ಅದು ಅವಳಿಗೇ ಇನ್ನಷ್ಟು ಗಟ್ಟಿಯಾಯಿತು. ಬಂದಾಗ ಅನುಮಾನವಾಗಿದ್ದದ್ದು ಹೇಳಿ ಮುಗಿಸುವ ಹೊತ್ತಿಗೆ ಸಂಗತಿಯಾಗಿತ್ತು. ಚಕ್ರಪಾಣಿ ಕಿಟಕಿಯ ಬಾಗಿಲು ಮುಂದಕ್ಕೆಳೆದು ಬಂದ. ಮೈಸೂರಿನವರ ಕಿವಿಗೆ ಬಿದ್ದರೆ ನಮ್ಮ ಹುಡುಗಿಯ ಗತಿಯೇನು ಎಂದು ಮಾತ್ರ ಕೇಳಿದ. ಚೂಡಾಮಣಿಯ ಮದುವೆ ಆಗುವ ತನಕ ಜಯಶೀಲಾ ಈ ಮನೆಯ ಹೊಸಿಲು ತುಳಿಯಬಾರದು, ನೀನು ಅವಳನ್ನು ಎಲ್ಲಿಗಾದರೂ ಕಳಿಸಿಬಿಡು ಎಂದ. ವಿಮಲಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದಾಗ ಜಯಶೀಲಾ ಹಿತ್ತಲ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಸರಸ್ವತಿ ಚಪ್ಪಲಿಯನ್ನೂ ಬಿಡದೆ ಅವಳೆದುರು ನಿಂತು, ನಿನ್ನೆ ನಾನು ನಿನ್ನನ್ನು ನರ್ಸಿಂಗ್ ಹೋಮಿನ ಹತ್ತಿರ ನೋಡಿದೆ, ಎಷ್ಟು ತಿಂಗಳು ಎಂದು ಕೇಳಿದಳು.

ಜಯಶೀಲಾ ತಲೆಯೆತ್ತಿ ನೋಡಿದಳು. ಮೊದಲು ಮಾತು ಅರ್ಥವಾದ ಹಾಗೆ ಕಾಣಲಿಲ್ಲ. ಅರ್ಥವಾದ ಮೇಲೆ ಅವಳಿಗೆ ನಗು ಬಂತು, ಆ ನಗು ಅರ್ಧಕ್ಕೇ ನಿಂತಿತು.

"ನಾನು ಹೇಳಿದ್ರೆ ನೀನು ನಂಬಲ್ಲ," ಎಂದಳು. "ನಾಳೆ ನನ್ನ ಜೊತೆ ಬಾ. ಡಾಕ್ಟರನ್ನೇ ಕೇಳು."

ಡಾಕ್ಟರ್ ಜಯಸಿಂಹ ಸೈನ್ಯದಲ್ಲಿದ್ದು ನಿವೃತ್ತರಾದವರು. ಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸುಟ್ಟ ಮುಖಗಳನ್ನೂ ಮುರುಟಿದ ಕೈಗಳನ್ನೂ ಸರಿಪಡಿಸುವ ಕೆಲಸ ಕಲಿತಿದ್ದರು. ಹೆರಿಗೆಯ ವಿಭಾಗ ಅವರ ಹೆಂಡತಿಯದು, ಅದಕ್ಕೂ ತಮಗೂ ಸಂಬಂಧವಿಲ್ಲ ಎಂದು ಸರಸ್ವತಿ ಕೇಳುವ ಮುಂಚೆಯೇ ಹೇಳಿದರು. ಅಕ್ಕನಿಗೆ ಎಲ್ಲ ಹೇಳಬಹುದೇ ಎಂದು ಜಯಶೀಲಳನ್ನು ಕೇಳಿ, ಅವಳು ಹೂಂ ಎಂದ ಮೇಲೆ ಶುರುಮಾಡಿದರು.

ಎರಡು ವರ್ಷದ ಹಿಂದೆ ಮುಂಬಯಿಯಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬ ಸರ್ಜನ್ ಇವಳ ಎರಡೂ ಎದೆಯೊಳಗೆ ಒಂದೊಂದು ಸಿಲಿಕಾನ್ ಚೀಲ ಇಟ್ಟಿದ್ದಾರೆ. ರಬ್ಬರಿನಂಥ ತೆಳು ಚೀಲ, ಒಳಗೆ ತಾಟಿನುಂಗಿನ ಹಾಗೆ ಮೆತ್ತಗಿನ ಲೋಳೆ. ಎದೆ ದೊಡ್ಡದಾಗಿ ಕಾಣಲಿ ಅಂತ ಹೊರದೇಶದಲ್ಲಿ ಈಗೀಗ ಇದನ್ನು ಮಾಡುತ್ತಾರೆ. ಬಲಗಡೆಯದು ಇಟ್ಟ ಜಾಗದಲ್ಲೇ ಇದೆ. ಎಡಗಡೆ ಒಳಗಿನ ಜಾಗ ಸಡಿಲವಾಗಿ ಚೀಲ ಪಕ್ಕಕ್ಕೆ ಸರಿದಿದೆ. ಮಲಗಿದರೆ ಕಂಕುಳಿನ ತನಕ ಹೋಗುತ್ತದೆ. ಅದಕ್ಕೇ ಇವಳು ಪಟ್ಟಿ ಬಿಗಿದುಕೊಳ್ಳುವುದು. ಹಾಗೇ ಬಿಟ್ಟರೆ ಆ ಪಕ್ಕದ ಚರ್ಮ ತೆಳುವಾಗುತ್ತ ಹೋಗುತ್ತದೆ.

ಸರಸ್ವತಿ ಮುಂಬಯಿಯ ಆ ಡಾಕ್ಟರೇ ಯಾಕೆ ಸರಿಮಾಡಬಾರದು ಎಂದು ಕೇಳಿದಳು. ಆತ ಮತ್ತೆ ವಿದೇಶಕ್ಕೆ ಹೋಗಿಬಿಟ್ಟಿದ್ದ. ಮುಂಬಯಿಯ ಬೇರೆ ಸರ್ಜನ್ನರು ಇನ್ನೊಬ್ಬರು ಮಾಡಿದ್ದಕ್ಕೆ ಕೈಹಾಕಲು ಒಪ್ಪಿರಲಿಲ್ಲ. ಅವರಲ್ಲೊಬ್ಬರು ಜಯಸಿಂಹರ ಹೆಸರು ಹೇಳಿ ಕಳಿಸಿದ್ದರು.

ಪರದೆಯ ಹಿಂದೆ ಜಯಶೀಲಾ ಅಕ್ಕನಿಗೆ ಎದೆ ತೋರಿಸಿದಳು. ಬಲಮೊಲೆ ಸರಿಯಾಗಿತ್ತು. ಎಡಗಡೆ ಮುಂಭಾಗ ತಗ್ಗಾಗಿ, ಪಕ್ಕೆಯ ಮೇಲೆ ಮುಷ್ಟಿಗಿಂತ ದೊಡ್ಡದಾದ ಉಬ್ಬು ಕೂತಿತ್ತು. ಕೆಳಗಿನ ಮಡಿಕೆಯಲ್ಲಿ ಹೊಲಿಗೆ ಹಾಕಿದ ಹಳೆಯ ಗೆರೆ. ಜಯಶೀಲಾ ಉಬ್ಬನ್ನು ಅಂಗೈಯಿಂದ ಮುಂದಕ್ಕೆ ತಳ್ಳಿದಳು, ಅದು ಬಂತು. ಕೈ ಬಿಟ್ಟಳು, ವಾಪಸು ಹೋಯಿತು. ಸರಸ್ವತಿ ಸೆರಗಿನಿಂದ ಬಾಯಿ ಒರೆಸಿಕೊಂಡು ಮುಖ ತಿರುಗಿಸಿದಳು. ಬಸುರಲ್ಲ ಎಂಬ ನೆಮ್ಮದಿ ಅವಳಿಗೆ ಆಗಬೇಕಾಗಿತ್ತು. ಆದರೆ ಮನಸ್ಸಿನಲ್ಲಿ ಎದ್ದದ್ದು ಇನ್ನೊಂದು ಪ್ರಶ್ನೆ. ಮದುವೆಯಾಗದ ಹೆಂಗಸು ಇದನ್ನು ಯಾರಿಗಾಗಿ ಮಾಡಿಸಿಕೊಂಡಳು?

ಡಾಕ್ಟರಿಗೂ ಅದೇ ಪ್ರಶ್ನೆಯಿದ್ದಂತಿತ್ತು. ಎರಡನ್ನೂ ತೆಗೆದುಬಿಡುವುದು ಒಳ್ಳೆಯದು, ಅದರಲ್ಲಿ ತೊಡಕು ಕಡಿಮೆ ಎಂದು ಅವರು ಹೇಳಿದರು. ಜಯಶೀಲಾ ಬೇಡ, ಸರಿಮಾಡಿ ಎಂದಳು. ಈ ಆಪರೇಷನ್ನನ್ನು ತಾವು ಹಿಂದೆ ಮಾಡಿಲ್ಲ, ಪತ್ರಿಕೆಗಳಲ್ಲಿ ಓದಿದ್ದಷ್ಟೇ ಎಂದು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಹಳೆಯ ಗಾಯದ ಗೆರೆಯಲ್ಲೇ ಬಿಡಿಸಿ ಚೀಲ ಹೊರತೆಗೆದು, ಸಡಿಲವಾದ ಪಕ್ಕದ ಜಾಗವನ್ನು ಒಳಗಿನಿಂದ ಹೊಲಿದು ಮುಚ್ಚಿ, ಚೀಲವನ್ನು ಅದರ ಸ್ಥಾನಕ್ಕೆ ಕೂರಿಸಬೇಕು. ಹೊಲಿಗೆ ಹಿಡಿಯದಿದ್ದರೆ ಮತ್ತೆ ಸರಿಯಬಹುದು. ಆಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿಯಮ್ಮ, ಇದನ್ನ ಇಟ್ಕೋಬೇಕು ಅಂತ ನಿಮಗೆ ಯಾರಾದ್ರೂ ಒತ್ತಾಯ ಮಾಡ್ತಿದಾರಾ?"

"ಇಲ್ಲ ಡಾಕ್ಟ್ರೇ."

ಅವರು ಸರಸ್ವತಿಯ ಕಡೆ ನೋಡಿದರು. ಅಕ್ಕನೇ ತಂಗಿಯನ್ನು ಯಾವುದೋ ದಂಧೆಗೆ ಇಳಿಸಿದ್ದಾಳೋ ಎಂದು ಅಳೆಯುವ ನೋಟ ಅದು ಎಂದು ಸರಸ್ವತಿಗೆ ಅನ್ನಿಸಿತು, ಮೈ ಉರಿದುಹೋಯಿತು. ತಾನು ಹೈಸ್ಕೂಲಿನಲ್ಲಿ ಟೀಚರು ಎಂದು ಕೇಳದೆಯೇ ಹೇಳಿಕೊಂಡಳು. ಡಾಕ್ಟರು ಸರಿ ಎಂದು, ಮನೆಯವರೊಬ್ಬರು ಒಪ್ಪಿ ಸಹಿ ಹಾಕದೆ ತಾವು ಚಾಕು ಮುಟ್ಟುವುದಿಲ್ಲ ಎಂದರು.

ದಾರಿಯಲ್ಲಿ ಸರಸ್ವತಿ ಷರತ್ತು ಹಾಕಿದಳು. ಅವನು ಯಾರು ಅಂತ ಹೇಳು, ಸಹಿ ಹಾಕ್ತೀನಿ. ಯಾರೂ ಇಲ್ಲ ಎಂದಳು ಜಯಶೀಲಾ. ಮತ್ತೆ ಕೇಳಿದರೂ ಅದೇ ಉತ್ತರ. ಸರಸ್ವತಿ ಸಹಿ ಹಾಕಲು ಹೋಗಲಿಲ್ಲ. ಮೂರ್ನಾಲ್ಕು ದಿನ ಹಾಗೇ ಕಳೆಯಿತು. ಒಂದು ಬೆಳಿಗ್ಗೆ ಜಯಶೀಲಾ ನೀರಿನ ಬಿಂದಿಗೆ ಎತ್ತಲು ಹೋಗಿ ಪಕ್ಕೆ ಹಿಡಿದುಕೊಂಡು ಒಲೆಯ ಮುಂದೆ ಕೂತುಬಿಟ್ಟಳು, ಮುಖವೆಲ್ಲ ಬೆವರು. ಸರಸ್ವತಿ ಅವತ್ತೇ ಹೋಗಿ ಸಹಿ ಹಾಕಿದಳು. ಆದರೆ ಕನಿಕರ ಒಂದೇ ಅವಳನ್ನು ಕರೆದುಕೊಂಡು ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಯಾರಾದರೂ ಗಂಡಸು ಬಂದೇ ಬರುತ್ತಾನೆ, ಕಣ್ಣಿಗೆ ಬೀಳುತ್ತಾನೆ ಎಂಬ ಲೆಕ್ಕವೂ ಇತ್ತು.

ಆಪರೇಷನ್ ಬೇಸಿಗೆ ರಜ ಶುರುವಾದ ಮೇಲೆ ನಡೆಯಿತು. ಈಥರಿನ ವಾಸನೆ ವರಾಂಡಕ್ಕೂ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಹೆರಿಗೆಯಾದವಳ ಕಡೆಯವರು ಬಂದವರಿಗೆಲ್ಲ ಸಕ್ಕರೆ ಹಂಚುತ್ತಿದ್ದರು, ಸರಸ್ವತಿಯ ಅಂಗೈಗೂ ಹಾಕಿದರು. ಅವಳಿಗೆ ಅದನ್ನು ಬಾಯಿಗೆ ಹಾಕಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಡಾಕ್ಟರು ಹೊರಗೆ ಬಂದಾಗ ಅವರ ಮುಖ ಹಗುರವಾಗಿತ್ತು. ಚೀಲ ಒಡೆದಿರಲಿಲ್ಲ, ಸೋರಿರಲಿಲ್ಲ. ಪಕ್ಕದ ಜಾಗವನ್ನು ಎರಡು ಸಾಲು ಹೊಲಿಗೆ ಹಾಕಿ ಮುಚ್ಚಿದ್ದಾರೆ. ನೀರು ಇಳಿಯಲು ಸಣ್ಣ ರಬ್ಬರ್ ಕೊಳವೆ ಇಟ್ಟಿದ್ದಾರೆ. ಇನ್ನು ಒಂದೂವರೆ ತಿಂಗಳು ಆ ಕೈ ಮೇಲೆತ್ತಕೂಡದು, ಪಟ್ಟಿ ಬಿಚ್ಚಕೂಡದು.

ನೋಡಲು ಯಾವ ಗಂಡಸೂ ಬರಲಿಲ್ಲ. ಸರಸ್ವತಿ ಬೆಂಚಿನ ಮೇಲೆ ಕೂತು ಬಂದುಹೋಗುವವರ ಮುಖಗಳನ್ನೆಲ್ಲ ನೋಡಿದಳು. ಬಂದವರೆಲ್ಲ ಬಾಣಂತಿಯರ ಗಂಡಂದಿರು, ಕೈಯಲ್ಲಿ ಫ್ಲಾಸ್ಕು. ಮನೆಗೆ ಬಟ್ಟೆ ತರಲು ಹೋದಾಗ ಅವಳು ತಂಗಿಯ ಟ್ರಂಕು ತೆಗೆದು ತಳದ ತನಕ ಹುಡುಕಿದಳು. ಸೀರೆಗಳು, ಶಾರ್ಟ್‌ಹ್ಯಾಂಡ್ ಪುಸ್ತಕ, ಆಫೀಸಿನವರೆಲ್ಲ ಸಾಲಾಗಿ ನಿಂತ ಒಂದು ಫೋಟೋ. ಅದರಲ್ಲಿ ಗಂಡಸರು ಎರಡು ಸಾಲು ತುಂಬ ಇದ್ದರು. ಕಿಟಕಿಯ ಬೆಳಕಿಗೆ ಹಿಡಿದು ಒಬ್ಬೊಬ್ಬನನ್ನೂ ನೋಡಿದಳು. ಎಲ್ಲರೂ ಗುಮಾಸ್ತರ ಹಾಗೆಯೇ ಕಾಣುತ್ತಿದ್ದರು. ಯಾರನ್ನು ಅನುಮಾನಿಸುವುದೆಂದು ತಿಳಿಯದೆ ಫೋಟೋವನ್ನು ಸೀರೆಯ ಮಡಿಕೆಯಲ್ಲಿ ವಾಪಸಿಟ್ಟಳು.

ಜಯಶೀಲಾ ಮನೆಗೆ ಬಂದಳು. ಪಟ್ಟಿ ಸಡಿಲವಾದರೆ ಬಿಗಿಗೊಳಿಸುವುದನ್ನು ನರ್ಸ್ ಮರಿಯಮ್ಮ ಸರಸ್ವತಿಗೆ ಕಲಿಸಿಕೊಟ್ಟಿದ್ದಳು. ಬೆಳಿಗ್ಗೆ ಸ್ನಾನದ ಬದಲು ಬಿಸಿನೀರಿನ ಬಟ್ಟೆಯಿಂದ ಮೈ ಒರೆಸಿ, ತಲೆ ಬಾಚಿ, ಜಡೆ ಹಾಕುವ ಕೆಲಸ ಅಕ್ಕನದು. ಹಾಗೆ ಜಡೆ ಹಾಕುತ್ತಿದ್ದಾಗ ಒಂದು ದಿನ ಸರಸ್ವತಿ ಮತ್ತೆ ಕೇಳಿದಳು. ಬೆನ್ನ ಹಿಂದಿನಿಂದ ಕೇಳುವುದು ಸುಲಭವಾಗಿತ್ತು.

ಜಯಶೀಲಾ ಈ ಸಲ ನಿಧಾನವಾಗಿ ಹೇಳಿದಳು. ವಧುಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ, ಅದರ ಆಸೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವಳ ಆಫೀಸಿನಲ್ಲಿ ಒಬ್ಬ ಪಾರ್ಸಿ ಹೆಂಗಸಿದ್ದಳು, ಐವತ್ತರ ಹತ್ತಿರದವಳು. ಅವಳು ಡೊಂಕಾಗಿದ್ದ ಮೂಗನ್ನು ನೆಟ್ಟಗೆ ಮಾಡಿಸಿಕೊಂಡು ಬಂದಾಗ ಯಾರಿಗೋಸ್ಕರ ಎಂದು ಆಫೀಸಿನಲ್ಲಿ ಯಾರೂ ಕೇಳಲಿಲ್ಲ. ಚೆನ್ನಾಗಿದೆ ಎಂದರು, ಟೈಪು ಮಾಡಲು ಕೂತರು. ಅವಳಿಂದಲೇ ಆ ಸರ್ಜನ್ನಿನ ವಿಷಯ ತಿಳಿದದ್ದು. ಚಿಕ್ಕಂದಿನಿಂದ ಕನ್ನಡಿಯ ಮುಂದೆ ನಿಂತಾಗಲೆಲ್ಲ ಜಯಶೀಲಾ ಕತ್ತಿನ ಕೆಳಗೆ ನೋಡುತ್ತಿರಲಿಲ್ಲ. ಒಂದು ಸಲ ನೋಡಬೇಕು ಅನ್ನಿಸಿತ್ತು.

"ಅಮ್ಮ ಕೊಟ್ಟ ಬಳೆ ಮಾರಿ ನನಗೆ ಬೇಕಾಗಿದ್ದು ತಗೊಂಡೆ ಅಕ್ಕ. ಅಷ್ಟೇ. ಸರಿದುಹೋಗುತ್ತೆ ಅಂತ ಗೊತ್ತಿರಲಿಲ್ಲ."

ಸರಸ್ವತಿ ಜಡೆಯ ಕೊನೆಗೆ ಟೇಪು ಕಟ್ಟಿದಳು. ಬಳೆಯ ವಿಷಯವಾದರೂ ನಿಜವಿರಬಹುದು ಎಂದುಕೊಂಡಳು. ಮಿಕ್ಕಿದ್ದು ಅವಳಿಗೆ ಹಿಡಿಸಲಿಲ್ಲ. ಯಾರಿಗೂ ಅಲ್ಲದೆ ಹೆಂಗಸೊಬ್ಬಳು ತನ್ನ ಮೈಯನ್ನು ಕೊಯ್ಯಿಸಿಕೊಳ್ಳುತ್ತಾಳೆ ಎಂಬುದನ್ನು ಎಲ್ಲಿಟ್ಟು ಯೋಚಿಸಬೇಕೋ ಅವಳಿಗೆ ಗೊತ್ತಾಗಲಿಲ್ಲ.

ಅದೇ ವಾರ ಚಕ್ರಪಾಣಿ ಬಂದ. ಒಳಗೆ ಬರಲಿಲ್ಲ. ಅಂಗಳದ ನಲ್ಲಿಯ ಹತ್ತಿರ ಕೊಡೆ ಹಿಡಿದುಕೊಂಡೇ ನಿಂತು ಸರಸ್ವತಿಯನ್ನು ಹೊರಗೆ ಕರೆದ. ನರ್ಸಿಂಗ್ ಹೋಮಿನ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು.

"ಮುಗೀತಾ?" ಎಂದು ಕೇಳಿದ.

ಏನು ಮುಗಿಯಿತು ಎಂದು ಕೇಳುತ್ತಿದ್ದಾನೆಂದು ಅವಳಿಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಹಾಗಲ್ಲ ಅಣ್ಣ, ಒಳಗೆ ಬಾ, ಹೇಳ್ತೀನಿ ಎಂದಳು. ವಿವರ ನನಗೆ ಬೇಡ ಎಂದ ಅವನು. ಪೊಲೀಸು ಗಿಲೀಸು ಎಂದು ತಲೆನೋವು ಬಾರದಿದ್ದರೆ ಸಾಕು, ಅವಳನ್ನು ಬೇಗ ಮುಂಬಯಿಗೆ ರೈಲು ಹತ್ತಿಸು ಎಂದು ಹೇಳಿ ಗೇಟು ಹಾಕಿಕೊಂಡು ಹೋದ.

ಕಿಟಕಿಯ ಪಕ್ಕದ ಮಂಚದ ಮೇಲೆ ಜಯಶೀಲಾ ಎಲ್ಲ ಕೇಳಿಸಿಕೊಂಡಿದ್ದಳು. ಅಕ್ಕ ಒಳಗೆ ಬಂದ ಕೂಡಲೇ ಅವಳು ಕೇಳಿದ್ದು ಒಂದೇ.

"ಅಣ್ಣನಿಗೆ ಏನಂತ ಹೇಳಿದ್ದೆ?"

ಸರಸ್ವತಿ ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ. ಹನುಮಂತನಗರದಲ್ಲಿ ಆಡಿದ್ದನ್ನೆಲ್ಲ ಆಡಿದ ಹಾಗೆಯೇ ಹೇಳಿದಳು. ಜಯಶೀಲಾ ಗೋಡೆ ನೋಡುತ್ತ ಕೇಳಿಸಿಕೊಂಡಳು. ನನ್ನನ್ನು ಕೇಳೋಕೆ ಮುಂಚೆ ಅಣ್ಣನ ಹತ್ತಿರ ಹೋದೆಯಾ ಎಂದಳು. ಹೌದು ಎಂದಳು ಸರಸ್ವತಿ. ಟ್ರಂಕನ್ನೂ ತೆಗೆದಿದ್ದೆ ಅಲ್ಲವಾ, ಸೀರೆಗಳು ನಾನಿಟ್ಟ ಹಾಗಿರಲಿಲ್ಲ ಎಂದಳು ಜಯಶೀಲಾ. ಅದಕ್ಕೂ ಹೌದು ಎನ್ನಬೇಕಾಯಿತು.

ಅವತ್ತು ಜಯಶೀಲಾ ಪಟ್ಟಿಯನ್ನು ತಾನೇ ಒಂದು ಕೈಯಲ್ಲಿ ಬಿಗಿದುಕೊಳ್ಳಲು ನೋಡಿದಳು, ಆಗಲಿಲ್ಲ. ಅಕ್ಕನನ್ನು ಕರೆಯಲೂ ಇಲ್ಲ. ಸಡಿಲ ಪಟ್ಟಿಯಲ್ಲೇ ಕೂತಿದ್ದಳು. ಸರಸ್ವತಿ ತಾನಾಗಿ ಹೋಗಿ ಪಟ್ಟಿಯನ್ನು ಎಳೆದು ಬಿಗಿಗೊಳಿಸಿದಳು. ತಂಗಿಯ ಮೈ ಅವಳ ಕೈಯಡಿಯಲ್ಲಿ ಮರದ ಹಾಗೆ ಬಿಗಿದುಕೊಂಡಿತ್ತು. ಕಟ್ಟು ಮುಗಿಯುವಾಗ ಜಯಶೀಲಾ ಹೇಳಿದಳು.

"ಹೋಗಿ ನಿಜ ಹೇಳು. ನನ್ನ ಮೈ ವಿಷಯ ಅಣ್ಣನಿಗೆ ಗೊತ್ತಾದ್ರೂ ಪರವಾಗಿಲ್ಲ. ಮಗೂನ ಕೊಂದಿದೀನಿ ಅಂತ ಅಂದ್ಕೊಂಡಿರೋದು ಬೇಡ."

ಸರಸ್ವತಿ ಮಾರನೆಯ ದಿನವೇ ಹೋದಳು. ಚಕ್ರಪಾಣಿ, ವಿಮಲಾ ಇಬ್ಬರನ್ನೂ ಕೂರಿಸಿಕೊಂಡು ತಾನು ಹೇಳಿದ್ದು ತಪ್ಪು ಎಂದಳು. ಆಮೇಲೆ ಚೀಲದ ವಿಷಯ ಹೇಳಿದಳು. ಒಡಹುಟ್ಟಿದ ಅಣ್ಣನ ಮುಂದೆ ಆ ಮಾತುಗಳು ಅವಳ ಬಾಯಿಂದ ಹೊರಡುವುದು ಕಷ್ಟವಾಗಿತ್ತು. ಎದೆ ಎನ್ನಬೇಕಾದಲ್ಲೆಲ್ಲ ಮೈ ಎಂದಳು, ಸರಿದದ್ದನ್ನು ಕೈಯಲ್ಲಿ ತೋರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಹೇಳುತ್ತ ಹೇಳುತ್ತ ಅವಳಿಗೇ ಅದು ಕಟ್ಟಿದ ಕಥೆಯ ಹಾಗೆ ಕೇಳಿಸತೊಡಗಿತು. ಹಿಂದಿನ ಸಲ ಸುಳ್ಳನ್ನು ಹೇಳಿದಾಗ ಒಂದು ತೊಡರೂ ಇರಲಿಲ್ಲ.

ಚಕ್ರಪಾಣಿ ಕೊನೆಯ ತನಕ ಕೇಳಿದ. ರಬ್ಬರ್ ಚೀಲಾನಾ ಎಂದ. ಅದರೊಳಗೆ ಲೋಳೇನಾ ಎಂದ.

"ಸರಸು, ನೀನು ಮೊದಲು ಹೇಳಿದ್ದು ನಂಬೋ ಹಾಗಿತ್ತು," ಎಂದ. "ತಂಗೀನ ಉಳಿಸ್ಕೋಬೇಕು ಅಂತ ಇಷ್ಟು ಮಾಡಬಾರದು. ಯಾರಾದ್ರೂ ಕೇಳಿದ್ರೆ ಅಪೆಂಡಿಕ್ಸ್ ಅನ್ನು."

ಡಾಕ್ಟರನ್ನೇ ಬಂದು ಕೇಳು ಎಂದಳು ಅವಳು. ಆ ಡಾಕ್ಟರ ಹೆಂಡತಿ ಹೆರಿಗೆ ಡಾಕ್ಟರು ತಾನೇ, ಅವರು ಬೇರೆ ಏನು ಹೇಳುತ್ತಾರೆ ಎಂದು ಅವನು ಎದ್ದು ಪಂಚೆ ಕೊಡವಿಕೊಂಡು ಒಳಗೆ ಹೋದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಾತನ್ನು ಕಟ್ಟಿ ಅಟ್ಟದ ಮೇಲೆ ಹಾಕಿದವನ ಹಾಗಿತ್ತು.

ಸರಸ್ವತಿ ಬೀದಿಯ ತಿರುವು ಮುಟ್ಟುವ ಹೊತ್ತಿಗೆ ವಿಮಲಾ ಹಿಂದಿನಿಂದ ಬಂದಳು. ಕೈಯಲ್ಲಿ ಕೊತ್ತಂಬರಿ ಸೊಪ್ಪು ತರುವ ನೆಪದ ಚೀಲವಿತ್ತು. ತುಂಬಾ ನೋವಿದೆಯಾ ಅವಳಿಗೆ ಎಂದು ಕೇಳಿದಳು. ಕಡಿಮೆಯಾಗುತ್ತಿದೆ ಎಂದಳು ಸರಸ್ವತಿ.

"ನಾನು ನಂಬಿದೀನಿ," ಎಂದಳು ವಿಮಲಾ. "ಇಂಥದ್ದನ್ನ ಕಟ್ಟಿ ಹೇಳೋಕೆ ನಿಮಗೆ ಬರಲ್ಲ. ಆದ್ರೆ ಮನೇಲಿ ನಂಬಿದೀನಿ ಅನ್ನಲ್ಲ. ಅಂದ್ರೆ ನಿಮ್ಮಣ್ಣ ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ನನ್ನನ್ನ ನೋಡೋಕೆ ಶುರು ಮಾಡ್ತಾರೆ."

ಸರಸ್ವತಿ ನಡೆದದ್ದನ್ನು ತಂಗಿಗೆ ಹೇಳಿದಳು, ವಿಮಲಳ ಮಾತನ್ನೂ ಸೇರಿಸಿ. ಜಯಶೀಲಾ, ಅತ್ತಿಗೆ ಒಳ್ಳೆಯವರು ಎಂದಷ್ಟೇ ಹೇಳಿದಳು. ಅಣ್ಣನ ವಿಷಯ ಮತ್ತೆ ಎತ್ತಲಿಲ್ಲ.

ಹೊಲಿಗೆ ಹಿಡಿಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರ್ ಜಯಸಿಂಹ ಅವಳನ್ನು ಮಲಗಿಸಿ, ಕೂರಿಸಿ, ಎರಡೂ ಕೈ ಮೇಲೆತ್ತಿಸಿ ನೋಡಿದರು. ಎರಡೂ ಕಡೆ ಸಮನಾಗಿ ನಿಂತಿತ್ತು. ಎಡಗಡೆಯದು ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಅದು ಹಾಗೇ ಇರಬಹುದು, ಆರು ತಿಂಗಳಿಗೊಮ್ಮೆ ಯಾರಿಗಾದರೂ ತೋರಿಸಿ ಎಂದರು. ಹೊರಡುವಾಗ ಸರಸ್ವತಿಯ ಕಡೆ ತಿರುಗಿ, ಅವತ್ತು ನಾನು ಹಾಗೆ ಕೇಳಬೇಕಾಗಿತ್ತು, ಬೇಸರ ಮಾಡಿಕೊಳ್ಳಬೇಡಿ ಎಂದರು. ತನ್ನ ಹಾಗಲ್ಲದೆ ಅವರು ಕೇಳಬೇಕಾದವಳನ್ನೇ ಮೊದಲು ಕೇಳಿದ್ದರು ಎಂದು ಅವಳಿಗೆ ಅನ್ನಿಸಿತು.

ಮಳೆಗಾಲ ಹಿಡಿಯುವ ಮುಂಚೆ ಜಯಶೀಲಾ ಮುಂಬಯಿಗೆ ಹೊರಟಳು. ಸ್ಟೇಷನ್ನಿನಲ್ಲಿ ಕೂಲಿಯವನಿಗೆ ಕಾಯದೆ ಟ್ರಂಕಿನ ಒಂದು ಕಡೆ ತಾನು ಹಿಡಿದಳು, ಇನ್ನೊಂದು ಕಡೆ ಅಕ್ಕ. ರೈಲು ಹೊರಡುವ ಮುಂಚೆ ಸರಸ್ವತಿ ಕಿಟಕಿಯ ಸರಳು ಹಿಡಿದು, ನನ್ನ ಮೇಲೆ ಸಿಟ್ಟಾ ಎಂದು ಕೇಳಿದಳು.

"ಕಾಗದ ಬರಿ," ಎಂದಳು ಜಯಶೀಲಾ. "ನನ್ನ ವಿಷಯ ನನಗೆ ಬರಿ, ಬೇರೆಯವರಿಗೆ ಬೇಡ."

ಚೂಡಾಮಣಿಯ ಮದುವೆ ಬಸವನಗುಡಿಯ ಛತ್ರದಲ್ಲಿ ಆಯಿತು. ಲಗ್ನಪತ್ರಿಕೆ ಜಯನಗರಕ್ಕೆ ಒಂದೇ ಬಂತು. ಮುಂಬಯಿಗೆ ಕಳಿಸಲಿಲ್ಲ ಎಂದು ತಿಳಿದ ಮೇಲೆ ಸರಸ್ವತಿ ಹೋಗಬಾರದು ಎಂದುಕೊಂಡಿದ್ದಳು. ಆದರೆ ಜಯಶೀಲಾ ತನ್ನ ಕಡೆಯಿಂದ ಮದುಮಗಳಿಗೆ ಒಂದು ರೇಷ್ಮೆ ಸೀರೆ ಕಳಿಸಿ, ನೀನೇ ಕೊಟ್ಟು ಬಾ ಎಂದು ಬರೆದಿದ್ದಳು. ಚಕ್ರಪಾಣಿ ಸೀರೆಯ ಪೊಟ್ಟಣವನ್ನು ಯಾರದೆಂದು ಕೇಳದೆ ತೆಗೆದುಕೊಂಡು ಬೇರೆ ಉಡುಗೊರೆಗಳ ಕೆಳಗಿಟ್ಟ.

ಊಟದ ಪಂಕ್ತಿಯಲ್ಲಿ ಸರಸ್ವತಿಯ ಪಕ್ಕ ವಿಮಲಳ ತೌರುಮನೆಯ ಕಡೆಯ ಇಬ್ಬರು ಹೆಂಗಸರು ಕೂತಿದ್ದರು. ಸರಸ್ವತಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಕೋಸಂಬರಿ ಬಡಿಸುವ ಹೊತ್ತಿಗೆ ಮಾತು ಗಂಡಿನ ಮನೆಯವರಿಂದ ಹೆಣ್ಣಿನ ಮನೆಯವರಿಗೆ ಬಂದಿತ್ತು. ಹುಡುಗಿಯ ಚಿಕ್ಕ ಸೋದರತ್ತೆ ಒಬ್ಬಳು ಮುಂಬಯಿಯಲ್ಲಿದ್ದಾಳಂತೆ. ಈ ಬೇಸಿಗೆಯಲ್ಲಿ ಬಂದು ಜಯನಗರದಲ್ಲಿ ತೆಗೆಸಿಕೊಂಡು ಹೋದಳಂತೆ. ಆಫೀಸಿನ ಮ್ಯಾನೇಜರನದಂತೆ, ಅವನಿಗೆ ಹೆಂಡತಿ ಮಕ್ಕಳು ಇದ್ದಾರಂತೆ. ಮ್ಯಾನೇಜರನ ಮಾತು ಸರಸ್ವತಿ ಯಾರಿಗೂ ಹೇಳಿರಲಿಲ್ಲ. ದಾರಿಯಲ್ಲಿ ಯಾರೋ ಸೇರಿಸಿದ್ದರು.

ಅವಳು ಎಲೆಯ ಮೇಲಿಂದ ಕೈ ತೆಗೆದಳು.

"ಆ ಮಾತು ಮೊದಲು ಆಡಿದ್ದು ನಾನು," ಎಂದಳು. "ನಾನು ಅವಳ ಅಕ್ಕ. ಅದು ಸುಳ್ಳು. ಅವಳಿಗೆ ಆಗಿದ್ದು ಬೇರೆ ಆಪರೇಷನ್."

ಹತ್ತಿರ ಕೂತಿದ್ದವಳು ಗಾಬರಿಯಾಗಿ, ಅಯ್ಯೋ ಗೊತ್ತಾಗಲಿಲ್ಲ, ತಪ್ಪು ತಿಳೀಬೇಡಿ ಎಂದಳು. ಇನ್ನೊಬ್ಬಳು ಮುಂದಕ್ಕೆ ಬಾಗಿ, ಯಾವ ಆಪರೇಷನ್ ಎಂದು ಕೇಳಿದಳು. ಅದನ್ನು ಹೇಳಲು ನನಗೆ ಅಪ್ಪಣೆ ಇಲ್ಲ ಎಂದಳು ಸರಸ್ವತಿ. ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ಏನೆಂದು ಸರಸ್ವತಿಗೆ ಚೆನ್ನಾಗಿ ಗೊತ್ತಿತ್ತು.

ಬಡಿಸುವವನು ಅನ್ನ ತಂದ. ಅವಳು ಹಾಕಿಸಿಕೊಂಡಳು, ಸಾರಿಗೂ ಕೈ ಚಾಚಿದಳು. ಪಕ್ಕದವರು ಹೋಳಿಗೆಗೂ ಕಾಯದೆ ಎದ್ದು ಹೋದರು. ಅವಳು ಪಂಕ್ತಿ ಮುಗಿಯುವ ತನಕ ಕೂತು ಊಟ ಮಾಡಿದಳು.